ದೊಡ್ಡ ಲಾ ಫರ್ಮ್ ಬಿಟ್ಟು ಸರ್ಕಾರದ ಪರ ನಿಲ್ಲುವ ಮುನ್ನ: ಬಾಗಲಕೋಟೆಯಿಂದ ಕೆಲವು ಸೂಚನೆಗಳು

ಬೆಂಗಳೂರಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಆರೇಳು ವರ್ಷ ದುಡಿದು, ಇನ್ನು ಊರ ಕಡೆ ಮರಳಿ ಸರ್ಕಾರದ ಪರವಾಗಿ ವಕೀಲಿ ಮಾಡಬೇಕೆಂದುಕೊಂಡಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತರುಣ ವಕೀಲರು ಆಗಾಗ ನನ್ನಲ್ಲಿಗೆ ಬರುತ್ತಾರೆ. ಹುದ್ದೆ ಸಿಗುವುದು ಹೇಗೆ ಎಂದು ಮೊದಲು ಕೇಳುತ್ತಾರೆ. ಕೈಗೆ ಎಷ್ಟು ಬರುತ್ತದೆ ಎಂದು ಆಮೇಲೆ ಕೇಳುತ್ತಾರೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವರು ಕೇಳದೆ ಬಿಡುವ ಇನ್ನೊಂದು ಪ್ರಶ್ನೆಯಿದೆ: ಪ್ರಕರಣದ ಸಂಗತಿಗಳು ವಕೀಲನ ಕೈಗೆ ಹೇಗೆ ಬಂದು ಸೇರುತ್ತವೆ ಎಂಬುದು. ಫರ್ಮ್‌ನಲ್ಲಿ ಕಕ್ಷಿದಾರನ ಕಾನೂನು ವಿಭಾಗವು ದಾಖಲೆಗಳನ್ನು ದಿನಾಂಕವಾರು ಜೋಡಿಸಿ ಕಳುಹಿಸುತ್ತದೆ, ಕಿರಿಯ ವಕೀಲರು ಅದರ ಸಾರಾಂಶ ಮಾಡುತ್ತಾರೆ, ನಾವು ಕಾನೂನನ್ನು ಹುಡುಕುತ್ತೇವೆ. ಸರ್ಕಾರಿ ವಕೀಲನಿಗಾದರೋ ಸಂಗತಿಗಳನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ, ಭೂಮಾಪನ ವಿಭಾಗದ ನಕ್ಷೆಯಿಂದ, ವರ್ಗವಾಗಿ ಹೋದ ವಿಷಯ ನಿರ್ವಾಹಕರ (ಆ ವಿಷಯದ ಕಡತ ನೋಡಿಕೊಳ್ಳುವ ಗುಮಾಸ್ತರ) ನೆನಪಿನಿಂದ ತಾನೇ ಹೋಗಿ ತರಬೇಕಾಗುತ್ತದೆ. ಮುಂದೆ ಬರೆದಿರುವುದರಲ್ಲಿ ಹೆಚ್ಚಿನ ಪಾಲು ಈ ಒಂದು ವ್ಯತ್ಯಾಸಕ್ಕೆ ಸಿದ್ಧರಾಗುವುದು ಹೇಗೆ ಎಂಬುದರ ಕುರಿತಾಗಿಯೇ ಇದೆ.

ನಾನು ಬಾಗಲಕೋಟೆ ಜಿಲ್ಲೆಯವನು. ಎಂಟು ವರ್ಷ ಬೆಂಗಳೂರಿನ ಒಂದು ಫರ್ಮ್‌ನ ವಾಣಿಜ್ಯ ವ್ಯಾಜ್ಯ ಮತ್ತು ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ವಿಭಾಗದಲ್ಲಿದ್ದು ಹಿಂದಿರುಗಿದವನು. ಈಗ ಸರ್ಕಾರದ ಪರ ಸಿವಿಲ್ ಪ್ರಕರಣಗಳನ್ನು ನಡೆಸುತ್ತಿದ್ದೇನೆ. ಆದ್ದರಿಂದ ಇಲ್ಲಿಯ ಸಲಹೆಗಳು ಸಿವಿಲ್ ಕಡೆಗೆ ಹೆಚ್ಚು ವಾಲಿವೆ.

ಒಳಗೆ ಬರುವ ದಾರಿಗಳು

ಸರ್ಕಾರಿ ಕಾನೂನು ಕೆಲಸವೆಂದರೆ ಒಂದೇ ಹುದ್ದೆಯಲ್ಲ. ಜಿಲ್ಲಾ ಸರ್ಕಾರಿ ವಕೀಲರು, ಅಪರ ಸರ್ಕಾರಿ ವಕೀಲರು ಮೊದಲಾದವರನ್ನು ರಾಜ್ಯ ಸರ್ಕಾರವು ಕಾನೂನು ಅಧಿಕಾರಿಗಳ ನೇಮಕಾತಿ ಮತ್ತು ಸೇವಾ ಷರತ್ತುಗಳಿಗೆ ಸಂಬಂಧಿಸಿದ 1977ರ ಕರ್ನಾಟಕ ನಿಯಮಗಳ ಪ್ರಕಾರ ನೇಮಿಸುತ್ತದೆ. ಸೆಷನ್ಸ್ ನ್ಯಾಯಾಲಯದಲ್ಲಿ ಅಭಿಯೋಜಕರಾಗಬೇಕಾದರೆ, ಅಂದರೆ ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸಬೇಕಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೆಯ ಕಲಮನ್ನು ಓದಿಕೊಳ್ಳಬೇಕು: ವಕೀಲರಾಗಿ ಕನಿಷ್ಠ 7 ವರ್ಷ, ವಿಶೇಷ ಅಭಿಯೋಜಕರಿಗಾದರೆ 10 ವರ್ಷ ವೃತ್ತಿಯಲ್ಲಿದ್ದಿರಬೇಕು, ಜಿಲ್ಲೆಯ ಮಟ್ಟದಲ್ಲಿ ಅರ್ಹರ ಪಟ್ಟಿಯನ್ನು ಜಿಲ್ಲಾ ದಂಡಾಧಿಕಾರಿಗಳು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಸಿದ್ಧಪಡಿಸುತ್ತಾರೆ. ಸರ್ಕಾರ ಬದಲಾದಾಗ ಇಂಥ ನೇಮಕಗಳೂ ಬದಲಾಗುವುದುಂಟು ಎಂಬುದನ್ನು ಬರುವವರು ತಿಳಿದೇ ಬರಬೇಕು. ಆದರೂ ಈ ನೇಮಕಗಳು ಪ್ರಭುತ್ವದ ಇಷ್ಟದ ಹಂಚಿಕೆಯಲ್ಲ, ಅರ್ಹತೆಯನ್ನು ನ್ಯಾಯೋಚಿತ ವಿಧಾನದಿಂದ ಅಳೆದು ಮಾಡಬೇಕಾದ ಆಯ್ಕೆ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿದೆ. ಅರ್ಜಿ ಹಾಕುವವರು ಆ ತೀರ್ಪನ್ನು ಒಮ್ಮೆ ಓದಿದರೆ, ಯಾರ ಶಿಫಾರಸ್ಸೂ ಇಲ್ಲದವರಿಗೆ ಇಲ್ಲೇನು ಕೆಲಸ ಎಂಬ ಅಳುಕು ಸ್ವಲ್ಪ ಕಡಿಮೆಯಾಗುತ್ತದೆ.

ಎರಡನೆಯ ದಾರಿ ಪರೀಕ್ಷೆಯದು. ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯ ಸಹಾಯಕ ಸರ್ಕಾರಿ ಅಭಿಯೋಜಕರು ಮತ್ತು ಸಹಾಯಕ ಸರ್ಕಾರಿ ವಕೀಲರು ಎಂಬ ಜೋಡಿ ಹುದ್ದೆಗೆ ಅಧಿಸೂಚನೆ ಹೊರಟಾಗ ಅರ್ಜಿ ಹಾಕಿ, ಪರೀಕ್ಷೆ ಬರೆದು, ಮೌಖಿಕ ಸಂದರ್ಶನ ಮುಗಿಸಿ ಬರಬೇಕು. ಇದು ಖಾಯಂ ನೌಕರಿ, ವರ್ಗಾವಣೆಯೂ ಇರುತ್ತದೆ. ಹುನಗುಂದದವರು ಚಾಮರಾಜನಗರದಲ್ಲಿ ಕೆಲಸ ಆರಂಭಿಸಬೇಕಾಗಿ ಬರಬಹುದು. ಊರಿನಲ್ಲೇ ಇರಬೇಕೆಂಬುದೇ ಮುಖ್ಯ ಉದ್ದೇಶವಾದವರು ಇದನ್ನು ತೂಗಿ ನೋಡಬೇಕು.

ಮೂರನೆಯದು ಪ್ಯಾನೆಲ್. ನನ್ನ ಅಭಿಪ್ರಾಯದಲ್ಲಿ ಫರ್ಮ್‌ನಿಂದ ಬರುವವರಿಗೆ ಇದೇ ಅತ್ಯಂತ ವಾಸ್ತವವಾದ ಮೊದಲ ಮೆಟ್ಟಿಲು. ವಿದ್ಯುತ್ ಪೂರೈಸುವ ಹೆಸ್ಕಾಂ, ಸಾರಿಗೆ ನಿಗಮಗಳು, ಕೃಷ್ಣಾ ಭಾಗ್ಯ ಜಲ ನಿಗಮ, ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ, ಮಹಾನಗರ ಪಾಲಿಕೆಗಳು, ಬೆಳಗಾವಿಯ ದಂಡುಮಂಡಳಿ (ಕಂಟೋನ್ಮೆಂಟ್ ಬೋರ್ಡ್), ಹೆದ್ದಾರಿ ಪ್ರಾಧಿಕಾರ, ಹೀಗೆ ಸಾರ್ವಜನಿಕ ಸಂಸ್ಥೆಗಳ ಪಟ್ಟಿ ಉದ್ದವಿದೆ. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ತಮ್ಮದೇ ವಕೀಲರ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ. ಆರ್ಬಿಟ್ರೇಷನ್ ವಿಭಾಗದಲ್ಲಿ ದುಡಿದವರಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ರಾಷ್ಟ್ರೀಯ ಹೆದ್ದಾರಿಗೆ ಭೂಮಿ ಹೋದಾಗ ಪರಿಹಾರ ಕಡಿಮೆಯಾಯಿತೆಂದು ರೈತರು ಹೋಗುವುದು ಹೆದ್ದಾರಿ ಕಾಯ್ದೆಯ 3ಜಿ ಕಲಮಿನ 5ನೆಯ ಉಪಕಲಮಿನಡಿ ಆರ್ಬಿಟ್ರೇಟರ್ ಬಳಿಗೆ. ಆ ಅವಾರ್ಡನ್ನು (ಆರ್ಬಿಟ್ರೇಟರ್ ಕೊಟ್ಟ ತೀರ್ಮಾನವನ್ನು) ಪ್ರಶ್ನಿಸುವುದು ಆರ್ಬಿಟ್ರೇಷನ್ ಕಾಯ್ದೆಯ 34ನೆಯ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲಿ. ಮೂರು ತಿಂಗಳು, ಅದರ ಮೇಲೆ ಸಕಾರಣವಿದ್ದರೆ 30 ದಿನ, ಅದನ್ನು ದಾಟಿದರೆ ಬಾಗಿಲು ಮುಚ್ಚಿತು ಎಂಬುದನ್ನು ಸುಪ್ರೀಂ ಕೋರ್ಟ್ 2001ರಲ್ಲೇ ಇತ್ಯರ್ಥಪಡಿಸಿದೆ. ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ಕಲಿತ ಈ ಕಾನೂನಿಗೆ ಬೆಳಗಾವಿಯ ಜಿಲ್ಲಾ ನ್ಯಾಯಾಲಯದಲ್ಲಿ ಪ್ರತಿದಿನ ಕೆಲಸವಿದೆ.

ಕಾನೂನು ನೆರವಿನ ರಕ್ಷಣಾ ವಕೀಲರ ವ್ಯವಸ್ಥೆಯನ್ನೂ ಕೆಲವರು ಈ ಸಾಲಿಗೆ ಸೇರಿಸುತ್ತಾರೆ. ಅದು ಆರೋಪಿಯ ಪರ ನಿಲ್ಲುವ ಪೂರ್ಣಾವಧಿ ಕೆಲಸ. ಕ್ರಿಮಿನಲ್ ವಿಚಾರಣೆಯ ಅನುಭವವಿಲ್ಲದ ಫರ್ಮ್ ವಕೀಲರು ನೇರವಾಗಿ ಅತ್ತ ಹೋಗಬಾರದೆಂದು ನನ್ನ ಖಚಿತ ಸಲಹೆ.

ಸರ್ಕಾರಿ ವಕೀಲಿಯೆಂದರೆ ಬೆಳವಣಿಗೆ ನಿಂತಂತೆ ಎಂದು ಹೆದರಿಸುವವರು ಸಿಗುತ್ತಾರೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯನವರು ಮೈಸೂರು ಹೈಕೋರ್ಟಿನಲ್ಲಿ ವಿಶೇಷ ಸರ್ಕಾರಿ ವಕೀಲರಾಗಿದ್ದು, ಅಡ್ವೊಕೇಟ್ ಜನರಲ್ ಆಗಿ, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ಅವರ ಹೆಸರನ್ನು ಹಾಗೆ ಹೆದರಿಸುವವರಿಗೆ ನೆನಪಿಸಿ ಮುಂದೆ ಸಾಗಬಹುದು.

ಫರ್ಮ್ ಬಿಡುವ ಮೊದಲು

ರಾಜೀನಾಮೆ ಬರೆಯುವ ಕನಿಷ್ಠ ಆರು ತಿಂಗಳ ಮೊದಲು ನಿಮ್ಮ ವೃತ್ತಿಯ ದಾಖಲೆಯನ್ನು ಕಟ್ಟಿಕೊಳ್ಳಲು ಆರಂಭಿಸಬೇಕು. ಫರ್ಮ್‌ನ ಅನುಭವ ಪತ್ರದಲ್ಲಿ ಎಷ್ಟು ಕೋಟಿಯ ವಹಿವಾಟು ನಡೆಸಿದಿರೆಂದು ಬರೆದಿರುತ್ತದೆ; ಸರ್ಕಾರಿ ಅರ್ಜಿ ನಮೂನೆಯಾದರೋ ನೀವು ನಡೆಸಿದ ಮೊಕದ್ದಮೆಗಳ ಸಂಖ್ಯೆ, ನ್ಯಾಯಾಲಯದ ಹೆಸರು, ನಿಮ್ಮ ವಕಾಲತ್ತು ಇದ್ದ ಆಧಾರವನ್ನು ಕೇಳುತ್ತದೆ. ಕರಾರು ರಚನೆ, ಕಂಪನಿ ಖರೀದಿ ಮೊದಲಾದ ವಿಭಾಗದಲ್ಲೇ ಇದ್ದವರಿಗೆ ಇಲ್ಲಿ ನಿಜವಾದ ತೊಡಕಿದೆ. ಸನ್ನದು (ವಕೀಲಿಯ ಪರವಾನಗಿ) ಇದ್ದ ಮಾತ್ರಕ್ಕೆ ವೃತ್ತಿಯಲ್ಲಿದ್ದಂತಾಯಿತೇ ಎಂಬ ಪ್ರಶ್ನೆ ಬರುತ್ತದೆ. ಅಂಥವರು ಫರ್ಮ್‌ನಲ್ಲಿದ್ದಾಗಲೇ ವ್ಯಾಜ್ಯ ವಿಭಾಗಕ್ಕೆ ಬದಲಾಗಿ, ತಮ್ಮ ಹೆಸರು ವಕಾಲತ್ತಿನಲ್ಲಿ ಬರುವಂತೆ ನೋಡಿಕೊಂಡು, ದೈನಂದಿನ ಆದೇಶಗಳಲ್ಲಿ ಹಾಜರಿ ದಾಖಲಾದ ಪ್ರಕರಣಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ತಿಂಗಳಲ್ಲಿ ಇವನ್ನೆಲ್ಲ ಒಟ್ಟುಗೂಡಿಸಲು ಹೊರಟವರು ಹಳೆಯ ಸಹೋದ್ಯೋಗಿಗಳ ಬೆನ್ನು ಹತ್ತಿ ಅಲೆದದ್ದನ್ನು ನೋಡಿದ್ದೇನೆ. ನೀವು ಆಯ್ದುಕೊಳ್ಳುವ ಹುದ್ದೆ ಸಂಬಳದ್ದೋ, ಮಾಸಿಕ ಸಂಭಾವನೆಯದ್ದೋ, ಕೇವಲ ಒಪ್ಪಂದದ ಕಾನೂನು ಸಲಹೆಗಾರನದ್ದೋ ಎಂಬುದನ್ನೂ ಈ ಹಂತದಲ್ಲೇ ನೋಡಬೇಕು. ಪೂರ್ಣಾವಧಿ ಸಂಬಳದ ನೌಕರನಾದ ವಕೀಲ ಸಾಮಾನ್ಯವಾಗಿ ವೃತ್ತಿ ನಡೆಸುವಂತಿಲ್ಲ ಎನ್ನುವುದು ಬಾರ್ ಕೌನ್ಸಿಲ್ ನಿಯಮ. ನ್ಯಾಯಾಲಯದಲ್ಲಿ ಹಾಜರಾಗಿ ವಾದಿಸುವ ಸರ್ಕಾರಿ ಅಭಿಯೋಜಕರು ವಕೀಲರಾಗಿಯೇ ಉಳಿಯುತ್ತಾರೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ, ಆದರೆ ಕಚೇರಿಯಲ್ಲೇ ಕುಳಿತು ಟಿಪ್ಪಣಿ ಬರೆಯುವ ಸಲಹೆಗಾರರಿಗೆ ಆ ಆಸರೆ ಸುಲಭವಾಗಿ ದೊರೆಯುವುದಿಲ್ಲ. ಮುಂದೆ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಪ್ರಯತ್ನಿಸುವ ಆಸೆಯುಳ್ಳವರಿಗೆ ಈ ಭೇದ ಬಹಳ ಮುಖ್ಯ.

ಹಿತಾಸಕ್ತಿಯ ಘರ್ಷಣೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಒಬ್ಬ ಕಕ್ಷಿದಾರನಿಗೆ ಒಂದು ವಿಷಯದಲ್ಲಿ ಸಲಹೆ ಕೊಟ್ಟ ಅಥವಾ ಅರ್ಜಿ ಬರೆದುಕೊಟ್ಟ ವಕೀಲ ಅದೇ ವಿಷಯದಲ್ಲಿ ಎದುರು ಪಕ್ಷದ ಪರ ಹಾಜರಾಗಬಾರದೆಂದು ಬಾರ್ ಕೌನ್ಸಿಲ್ ನಿಯಮಗಳ 33ನೆಯ ನಿಯಮ ಹೇಳುತ್ತದೆ. ಕಕ್ಷಿದಾರನ ಗುಟ್ಟನ್ನು ಕಾಯುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಡಿ ವಕಾಲತ್ತು ಮುಗಿದ ಮೇಲೂ ಮುಂದುವರಿಯುತ್ತದೆ. ನಮ್ಮ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳು, ಸಿಮೆಂಟ್ ಕಂಪನಿಗಳು, ಪವನ ವಿದ್ಯುತ್ ಕಂಪನಿಗಳು, ರಸ್ತೆ ಗುತ್ತಿಗೆದಾರರು ಬೆಂಗಳೂರಿನ ಫರ್ಮ್‌ಗಳ ಕಕ್ಷಿದಾರರಾಗಿರುವುದು ಸಾಮಾನ್ಯ. ಆದ್ದರಿಂದ ನೀವು ಕೈಯಾಡಿಸಿದ ಕಕ್ಷಿದಾರರ ಹೆಸರುಗಳನ್ನು ಮಾತ್ರ ಬರೆದ ಒಂದು ಪಟ್ಟಿ ನಿಮ್ಮ ಬಳಿ ಇರಲಿ, ಯಾವ ದಾಖಲೆಯ ಪ್ರತಿಯೂ ಬೇಡ. ಸರ್ಕಾರದ ಪರ ಕಡತ ಬಂದಾಗ ಆ ಪಟ್ಟಿಯನ್ನು ನೋಡಿ, ಹೆಸರು ತಗುಲಿದರೆ ಅದೇ ದಿನ ಬರಹದಲ್ಲಿ ತಿಳಿಸಿ ಹಿಂದೆ ಸರಿಯಬೇಕು.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಸಂಭಾವನೆಯನ್ನು ಸರ್ಕಾರಿ ಆದೇಶಗಳು ನಿಗದಿಪಡಿಸುತ್ತವೆ. ಆಯಾ ಹುದ್ದೆಯ ಚಾಲ್ತಿ ಆದೇಶವನ್ನು ಕೇಳಿ ಪಡೆದು ಓದಿರಿ. ದೊಡ್ಡ ಫರ್ಮ್‌ನ ಆದಾಯದ ಬಹಳ ಚಿಕ್ಕ ಪಾಲು ಅದು, ಪ್ಯಾನೆಲ್ ಬಿಲ್ಲುಗಳಂತೂ ತಡವಾಗಿ ಮಂಜೂರಾಗುತ್ತವೆ. ಮನೆಯ ಸಾಲವಿದ್ದರೆ ಅದನ್ನು ತಗ್ಗಿಸಿ, ಒಂದು ವರ್ಷದ ಮನೆಖರ್ಚನ್ನು ಬದಿಗಿಟ್ಟು, ಮನೆಯವರೊಡನೆ ಕುಳಿತು ಮಾತಾಡಿ ಬರಬೇಕು.

ಊರಿನ ಭೂಪಟ, ಉತಾರದ ಭಾಷೆ

ಬಾಗಲಕೋಟೆ ಮತ್ತು ವಿಜಯಪುರ ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದವು. ಆದರೆ ಇಂದು ಬಾಗಲಕೋಟೆ, ಬೆಳಗಾವಿಗಳ ಪ್ರಕರಣಗಳು ಹೈಕೋರ್ಟಿನ ಧಾರವಾಡ ಪೀಠಕ್ಕೂ ವಿಜಯಪುರದವು ಕಲಬುರಗಿ ಪೀಠಕ್ಕೂ ಹೋಗುತ್ತವೆ. ಎರಡೂ ಪೀಠಗಳು 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಖಾಯಂ ಆದವು. ಹೆಸ್ಕಾಂ ಮೂರೂ ಜಿಲ್ಲೆಗಳಿಗೆ ಒಂದೇ. ಬಸ್ಸು ಮಾತ್ರ ವಿಜಯಪುರದಲ್ಲಿ ಕಲ್ಯಾಣ ಕರ್ನಾಟಕ ನಿಗಮದ್ದು, ಉಳಿದೆರಡರಲ್ಲಿ ವಾಯವ್ಯ ನಿಗಮದ್ದು. ನೌಕರರ ಸೇವಾ ವಿಷಯಗಳಿಗೆ ಕರ್ನಾಟಕ ಆಡಳಿತ ನ್ಯಾಯಮಂಡಳಿಯ ಪೀಠವೊಂದು ಬೆಳಗಾವಿಯಲ್ಲಿದೆ. ಒಂದೇ ಯೋಜನೆಯ ಭೂಸ್ವಾಧೀನ ಕೃಷ್ಣೆಯ ಎರಡೂ ದಂಡೆಗಳಲ್ಲಿ ನಡೆದಾಗ ಒಂದು ದಂಡೆಯ ಮೇಲ್ಮನವಿ ಧಾರವಾಡದಲ್ಲಿ, ಮತ್ತೊಂದು ದಂಡೆಯದು ಕಲಬುರಗಿಯಲ್ಲಿ ನಡೆಯುತ್ತಿರುತ್ತದೆ. ಒಂದು ಪೀಠದ ಆದೇಶವನ್ನು ಇನ್ನೊಂದರ ಮುಂದೆ ಇರಿಸುವ ಕೆಲಸವನ್ನು ಜಿಲ್ಲೆಯ ವಕೀಲನೇ ನೆನಪಿಟ್ಟು ಮಾಡಿಸಬೇಕು.

ಭಾಷೆಯ ವಿಷಯದಲ್ಲಿ ನಾಚಿಕೊಳ್ಳದೆ ಮೊದಲಿನಿಂದ ಕಲಿಯಬೇಕು. ಎಂಟು ವರ್ಷ ಇಂಗ್ಲಿಷಿನಲ್ಲೇ ಬರೆದ ಕೈಗೆ ಕೈಫಿಯತ್ತು (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ), ತಕರಾರು ಅರ್ಜಿ, ದರಖಾಸ್ತಿಗೆ ಆಕ್ಷೇಪಣೆ, ಪಾಟೀಸವಾಲಿನ (ಎದುರು ಸಾಕ್ಷಿಗೆ ಕೇಳುವ ಪ್ರಶ್ನೆಗಳ) ಟಿಪ್ಪಣಿ ಇವನ್ನೆಲ್ಲ ಕನ್ನಡದಲ್ಲಿ ಬರೆಯುವುದು ಆರಂಭದಲ್ಲಿ ಭಾರವೆನಿಸುತ್ತದೆ. ಸಾಕ್ಷಿ ಕನ್ನಡದಲ್ಲಿ ಹೇಳುತ್ತಾನೆ, ತಹಶೀಲ್ದಾರರ ವರದಿ ಕನ್ನಡದಲ್ಲಿರುತ್ತದೆ, ಇ-ಆಫೀಸ್ ಕಡತದ ಟಿಪ್ಪಣಿಯೂ ಕನ್ನಡದಲ್ಲೇ; ನಡುವೆ ನಿಮ್ಮೊಬ್ಬರ ಇಂಗ್ಲಿಷ್ ಬಂದರೆ ಪ್ರತಿ ಹಂತದಲ್ಲೂ ಅರ್ಥ ಸ್ವಲ್ಪ ಸೋರುತ್ತದೆ. ಯೂನಿಕೋಡ್ ಟೈಪಿಂಗ್ ಕಲಿಯಿರಿ. ಮುಂಬಯಿ ಕರ್ನಾಟಕದ ಕಂದಾಯ ಪದಗಳಿಗೊಂದು ಸ್ವಂತ ನೋಟ್‌ಬುಕ್ ಇಡಿರಿ. ಬೆಂಗಳೂರಿನವರು ಪಹಣಿ ಎನ್ನುವುದನ್ನು ಇಲ್ಲಿ ಉತಾರ ಎನ್ನುತ್ತಾರೆ, ಹಕ್ಕು ಬದಲಾವಣೆಗೆ ವರ್ದಿ ಕೊಡುತ್ತಾರೆ, ಪಾಲಾಗುವುದು ವಾಟ್ನಿ, ಸ್ವಾಧೀನಕ್ಕೆ ಕಬ್ಜೆ. ರಿ.ಸ.ನಂ. (ಸರ್ವೆ ನಂಬರ್) ಪಕ್ಕದಲ್ಲಿರುವ ಹಿಸ್ಸೆ (ಪಾಲು), ಆಕಾರ (ಕಂದಾಯದ ಮೊತ್ತ), ಖರಾಬು (ಸಾಗುವಳಿಗೆ ಬಾರದ ನೆಲ) ಕಾಲಂಗಳನ್ನು ಓದಲು ಬಾರದವರು ಸರ್ಕಾರಿ ಜಮೀನಿನ ದಾವೆಯನ್ನು ನಡೆಸಲಾರರು. ಬೆಳಗಾವಿಯ ಗಡಿ ತಾಲ್ಲೂಕುಗಳಲ್ಲಿ ಮರಾಠಿ ಮತ್ತು ಮೋಡಿ ಲಿಪಿಯ (ಮರಾಠಿಯ ಹಿಂದಿನ ಕೈಬರಹದ) ಹಳೆಯ ಕಾಗದಗಳು ಎದುರಾಗುತ್ತವೆ, ವತನ (ವಂಶಪಾರಂಪರ್ಯದ ಗ್ರಾಮ ಹುದ್ದೆ) ರದ್ದತಿಯ ಪ್ರಕರಣಗಳಲ್ಲಿ ಮುಖ್ಯವಾಗಿ. ಮೋಡಿ ಓದಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರ ಪರಿಚಯ ಮಾಡಿಕೊಳ್ಳಬೇಕು.

ಕಾನೂನಿನ ಓದಿನಲ್ಲಿಯೂ ಹೊಸ ಕಪಾಟು ಬೇಕು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ, 1961ರ ಭೂ ಸುಧಾರಣಾ ಕಾಯ್ದೆ, ಅದೇ ವರ್ಷದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1894ರ (ಈಗ ರದ್ದಾಗಿದ್ದರೂ ಹಳೆಯ ಪ್ರಕರಣಗಳಿಗೆ ಬೇಕಾಗುವ) ಮತ್ತು 2013ರ ಎರಡೂ ಭೂಸ್ವಾಧೀನ ಕಾಯ್ದೆಗಳು, ಸಿವಿಲ್ ಪ್ರಕ್ರಿಯಾ ಸಂಹಿತೆಯ 79ರಿಂದ 82ರವರೆಗಿನ ಕಲಮುಗಳು ಮತ್ತು 27ನೆಯ ಆದೇಶ, ಇವಿಷ್ಟನ್ನು ರಾಜೀನಾಮೆಯ ನೋಟಿಸಿನ ಅವಧಿಯಲ್ಲೇ ಓದಿ ಮುಗಿಸಬಹುದು. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಕೊಡಬೇಕಾದ, 80ನೆಯ ಕಲಮಿನ ಎರಡು ತಿಂಗಳ ನೋಟಿಸನ್ನು ಫರ್ಮ್‌ನಲ್ಲಿದ್ದಾಗ ನಾವು ಒಂದು ಅಡಚಣೆಯೆಂದು ನೋಡುತ್ತಿದ್ದೆವು. ಇತ್ತ ಬಂದ ಮೇಲೆ ಅದು ದಾವೆಯನ್ನು ತಪ್ಪಿಸಲು ಸರ್ಕಾರಕ್ಕೆ ಸಿಗುವ ಒಂದೇ ಒಂದು ಬಿಡುವೆಂದು ತಿಳಿಯುತ್ತದೆ. ಅಂಥ ನೋಟಿಸುಗಳು ಇಲಾಖೆಯ ಆವಕ ವಹಿಯಲ್ಲೇ ಉಳಿದುಬಿಡದಂತೆ, ಬಂದ ವಾರದಲ್ಲೇ ನಿಮಗೊಂದು ಪ್ರತಿ ತಲುಪುವಂತೆ ಕಚೇರಿಗಳೊಡನೆ ಏರ್ಪಾಡು ಮಾಡಿಕೊಳ್ಳಿರಿ.

ಕಡತ ಮತ್ತು ಕಾಲಮಿತಿ

ನಾನು ಬಂದ ಮೊದಲ ವರ್ಷದಲ್ಲಿ ಒಂದು ತಪ್ಪು ಮಾಡಿದೆ. ಗಾಯರಾಣ (ಗೋಮಾಳ) ಜಮೀನು ತಮ್ಮದೆಂದು ಖಾಸಗಿಯವರು ಘೋಷಣೆಯ ದಾವೆ ಹೂಡಿದ್ದರು. ಕಂಡಿಕೆವಾರು ಷರಾ (ದಾವೆಯ ಪ್ರತಿ ಕಂಡಿಕೆಗೆ ಇಲಾಖೆಯ ಉತ್ತರ) ಕಳುಹಿಸಿರೆಂದು ಸಂಬಂಧಪಟ್ಟ ಕಚೇರಿಗೆ ಪತ್ರ ಬರೆದೆ. ಫರ್ಮ್‌ನ ಅಭ್ಯಾಸದಂತೆ, ಪತ್ರ ಹೋದ ಮೇಲೆ ಉತ್ತರ ಬರುತ್ತದೆಂದು ಕಾದೆ. ನೆನಪೋಲೆ ಬರೆದೆ, ಮತ್ತೆ ಕಾದೆ. ಕೈಫಿಯತ್ತಿಗೆ ಸಂಹಿತೆ ಕೊಟ್ಟ 30 ದಿನ ಹೋಯಿತು, ವಿಸ್ತರಿಸಬಹುದಾದ 90 ದಿನವೂ ಹೋಯಿತು. ಕೊನೆಗೆ ಒಂದು ಬೆಳಗ್ಗೆ ನಾನೇ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋದಾಗ, ನನ್ನ ಪತ್ರ ಕಡತದಲ್ಲೇ ಇತ್ತು. ಅದನ್ನು ನೋಡಬೇಕಾದ ವಿಷಯ ನಿರ್ವಾಹಕರು ವರ್ಗವಾಗಿ ಎರಡು ತಿಂಗಳಾಗಿತ್ತು, ಹೊಸಬರಿಗೆ ಆ ಕಪಾಟಿನ ಪ್ರಭಾರವನ್ನೇ ಕೊಟ್ಟಿರಲಿಲ್ಲ. ಗ್ರಾಮ ಆಡಳಿತ ಅಧಿಕಾರಿಯೊಡನೆ ಕುಳಿತು ಅರ್ಧ ದಿನದಲ್ಲಿ ನಾವು ಹಳೆಯ ಉತಾರಗಳನ್ನು ತೆಗೆದು ಷರಾ ಸಿದ್ಧಪಡಿಸಿದೆವು. ನ್ಯಾಯಾಲಯವು ವೆಚ್ಚ ವಿಧಿಸಿ ಕೈಫಿಯತ್ತನ್ನು ಸ್ವೀಕರಿಸಿತು. ಊರಿನ ದನಗಳು ಮೇಯುವ ನೆಲ ನನ್ನ ಕಾಯುವಿಕೆಯಿಂದ ಹೋಗುವುದರಲ್ಲಿತ್ತು ಎಂಬ ಸಂಗತಿ ಇಂದಿಗೂ ನನ್ನನ್ನು ಕಾಡುತ್ತದೆ.

ಅಂದಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ. ಸಮನ್ಸ್ ಬಂದ ದಿನವೇ ಷರಾ ಕೇಳುವ ಪತ್ರದ ಜೊತೆಗೆ ಪ್ರತಿ ಕಂಡಿಕೆಗೂ ಯಾವ ದಾಖಲೆ ಬೇಕು, ಅದು ಯಾವ ಶಾಖೆಯಲ್ಲಿರಬೇಕು ಎಂಬುದನ್ನು ನಾನೇ ಬರೆದು ಕಳುಹಿಸುತ್ತೇನೆ. ‘ವಿವರವಾದ ಷರಾ ಸಲ್ಲಿಸುವುದು’ ಎಂಬ ಒಂದು ಸಾಲಿನ ಪತ್ರದಿಂದ ಕೆಲಸವಾಗುವುದಿಲ್ಲ. ಹತ್ತನೆಯ ದಿನದ ಒಳಗೆ ಕಚೇರಿಗೆ ಒಮ್ಮೆ ಹೋಗುತ್ತೇನೆ. ಉತಾರದ ಝೆರಾಕ್ಸನ್ನು ನಂಬದೆ ಮೂಲ ಪುಸ್ತಕವನ್ನು ನೋಡುತ್ತೇನೆ, ಏಕೆಂದರೆ ಕಂಪ್ಯೂಟರ್ ಉತಾರಕ್ಕೆ ಮೊದಲಿನ ಕೈಬರಹದ ನಮೂದುಗಳಲ್ಲಿಯೇ ‘ಸರ್ಕಾರ’ ಎಂಬ ಪದ ಯಾವ ವರ್ಷ, ಯಾವ ವರ್ದಿಯಿಂದ ಕಾಣೆಯಾಯಿತು ಎಂಬುದರ ಸುಳಿವಿರುತ್ತದೆ. ಭೂಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳು ಸ್ಕ್ಯಾನ್ ಆಗುತ್ತಿರುವುದರಿಂದ ಈ ಹುಡುಕಾಟ ಮೊದಲಿಗಿಂತ ಸುಲಭವಾಗುತ್ತಿದೆ. ಸರ್ವೆ ಗಡಿಯ ತಕರಾರಿದ್ದರೆ ಭೂಮಾಪಕರೊಡನೆ ಸ್ಥಳಕ್ಕೂ ಹೋಗುತ್ತೇನೆ. ಇವೆಲ್ಲ ವಕೀಲನ ಕೆಲಸವಲ್ಲ ಎಂದು ಮೊದಲು ಅನಿಸುತ್ತದೆ. ಆದರೆ ಮಾಡದೆ ಹೋದರೆ ಮಾಡುವವರು ಬೇರೆ ಯಾರೂ ಇರುವುದಿಲ್ಲ.

ವಿಷಯ ನಿರ್ವಾಹಕರನ್ನು, ಶಿರಸ್ತೇದಾರರನ್ನು ಗೌರವದಿಂದ ಕಾಣುವುದು ಬರಿಯ ಸೌಜನ್ಯದ ಮಾತಲ್ಲ. ನೂರಾರು ಕಡತಗಳನ್ನು ಹೊತ್ತು, ನ್ಯಾಯಾಲಯದ ಭಾಷೆ ತಿಳಿಯದೆ, ತಪ್ಪಾದರೆ ನೋಟಿಸು ತಮಗೇ ಬರುತ್ತದೆಂಬ ಭಯದಲ್ಲಿ ಕೆಲಸ ಮಾಡುವವರು ಅವರು. ತೀರ್ಪು ಬಂದಾಗ ಏನಾಯಿತೆಂದು ನಾಲ್ಕು ಸಾಲಿನ ಸರಳ ಕನ್ನಡದಲ್ಲಿ ಅವರಿಗೆ ಬರೆದು ತಿಳಿಸುವ ವಕೀಲನ ಕಡತ ಮುಂದಿನ ಸಲ ಬೇಗ ಬರುತ್ತದೆ.

ಕಾಲಮಿತಿಯ ಬಗ್ಗೆ ಇನ್ನೂ ಬಿಗಿಯಾಗಿ ಹೇಳಬೇಕು. ಸರ್ಕಾರವೆಂದ ಮಾತ್ರಕ್ಕೆ ವಿಳಂಬ ಮನ್ನಾ ಆಗುತ್ತಿದ್ದ ಕಾಲ ಮುಗಿದಿದೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಿತೆಂಬ ವಿವರಣೆ ಸಾಲದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಅಂಚೆ ಇಲಾಖೆಯ ಪ್ರಕರಣದಲ್ಲಿ ಹೇಳಿತು. 2020ರಲ್ಲಿ 663 ದಿನ ತಡವಾಗಿ ಬಂದ ಮಧ್ಯಪ್ರದೇಶ ಸರ್ಕಾರಕ್ಕೆ 25,000 ರೂಪಾಯಿ ವೆಚ್ಚ ವಿಧಿಸಿತು. 2025ರಲ್ಲಿ ನಮ್ಮದೇ ರಾಜ್ಯದ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ಹೈಕೋರ್ಟ್ ಮನ್ನಿಸಿದ್ದನ್ನು ತಳ್ಳಿಹಾಕಿತು. ಹೈಕೋರ್ಟಿಗೆ ಸಾಮಾನ್ಯ ಪ್ರಥಮ ಮೇಲ್ಮನವಿಗೆ 90 ದಿನ, ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, 2013ರ ಭೂಸ್ವಾಧೀನ ಕಾಯ್ದೆಯ 74ನೆಯ ಕಲಮಿನಡಿ 60 ದಿನ. ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ನಕಲು ಬಂದ ವಾರದಲ್ಲಿ ನಿಮ್ಮ ಅಭಿಪ್ರಾಯವನ್ನು ಇಲಾಖೆಗೆ ಕಳುಹಿಸಿದರೆ ಮಾತ್ರ, ಅಲ್ಲಿಂದ ಕಾನೂನು ಇಲಾಖೆಗೆ, ಅಲ್ಲಿಂದ ಪೀಠದ ಸರ್ಕಾರಿ ವಕೀಲರ ಕಚೇರಿಗೆ ಕಡತ ಹೋಗಿ ಸೇರಲು ದಿನಗಳು ಉಳಿಯುತ್ತವೆ.

ತಡವಾದರೆ ಎಷ್ಟು ಹೋಗುತ್ತದೆ ಎಂಬುದನ್ನು ನಾನು ಪತ್ರದಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. 1894ರ ಕಾಯ್ದೆಯಡಿ ಹೆಚ್ಚುವರಿ ಪರಿಹಾರಕ್ಕೆ ಮೊದಲ ವರ್ಷ ಶೇಕಡಾ 9, ಆಮೇಲೆ ಶೇಕಡಾ 15 ಬಡ್ಡಿ; ಭೂಮಿಯನ್ನು ಕಡ್ಡಾಯವಾಗಿ ಪಡೆದದ್ದಕ್ಕೆ ಸೇರಿಸಿ ಕೊಡುವ ಶೇಕಡಾ 30 ಸಾಂತ್ವನ ಧನದ ಮೇಲೂ ಅದು ಓಡುತ್ತದೆ. ಹೆಚ್ಚಾದ ಮೊತ್ತ 20 ಲಕ್ಷವೆಂದರೆ ಶೇಕಡಾ 15ರಂತೆ ತಿಂಗಳಿಗೆ 25,000 ರೂಪಾಯಿ. ಒಂದೇ ಅಧಿಸೂಚನೆಯಲ್ಲಿ ಇಂಥ ನೂರು ಪ್ರಕರಣಗಳಿದ್ದರೆ ತಿಂಗಳಿಗೆ 25 ಲಕ್ಷ. ಕಾನೂನಿನ ತತ್ವವನ್ನು ಎರಡು ಪುಟ ಬರೆದದ್ದಕ್ಕಿಂತ ಈ ಒಂದು ಸಾಲು ಜಿಲ್ಲಾಧಿಕಾರಿಗಳ ಮೇಜಿನಲ್ಲಿ ಬೇಗ ಓದಿಸಿಕೊಳ್ಳುತ್ತದೆ.

ಹೋರಾಡಬಾರದ ಪ್ರಕರಣ

ಈ ಭಾಗವನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಆಲಮಟ್ಟಿಯಿದೆ. 1964ರಲ್ಲಿ ಅಡಿಗಲ್ಲು ಬಿದ್ದ ಆ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು, ಬೀಳಗಿ, ಜಮಖಂಡಿ, ಬಸವನ ಬಾಗೇವಾಡಿ ಕಡೆಯ ಎರೆಭೂಮಿ, ಎಷ್ಟೋ ಊರುಗಳ ಗುಡಿ, ಮಸೀದಿಗಳು ಹೋದವು. ಈಗ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತಕ್ಕೆ ಮತ್ತೆ ಭೂಮಿ ಹೋಗಲಿದೆ. ಪರಿಹಾರದ ಪ್ರಕರಣಗಳಲ್ಲಿ ಎದುರಿಗೆ ನಿಲ್ಲುವವನು ಫರ್ಮ್‌ನಲ್ಲಿ ಎದುರಾಗುತ್ತಿದ್ದ ಕಂಪನಿಯಲ್ಲ. ನಾಡಿಗೆ ನೀರು ಸಿಗಲೆಂದು ಹೊಲ ಬಿಟ್ಟುಕೊಟ್ಟ ರೈತ, ಅನೇಕ ವೇಳೆ ಅವನ ಮಕ್ಕಳು. ಸರ್ಕಾರದ ಹಣ ಸಾರ್ವಜನಿಕರ ಹಣ, ಅದನ್ನು ಕಾಯುವುದು ನಿಮ್ಮ ಕರ್ತವ್ಯ. ಉತ್ಪ್ರೇಕ್ಷಿತ ದರಕ್ಕೆ, ಕೃತಕ ಕ್ರಯಪತ್ರಕ್ಕೆ, ಇಲ್ಲದ ಕೊಳವೆಬಾವಿಗೆ ಬೇಡಿಕೆ ಬಂದಾಗ ಪಾಟೀಸವಾಲಿನಲ್ಲಿ ಗಟ್ಟಿಯಾಗಿ ನಿಲ್ಲಲೇಬೇಕು. ಆದರೆ ಪಕ್ಕದ ಸರ್ವೆ ನಂಬರಿಗೆ ಹೈಕೋರ್ಟ್ ಅಂತಿಮಗೊಳಿಸಿದ ದರವನ್ನೇ ಕೇಳುವವನ ಮೇಲೆ ಮತ್ತೆ ಮೇಲ್ಮನವಿ ಹೂಡುವುದು ಬಡ್ಡಿಯನ್ನು ಬೆಳೆಸುತ್ತದೆ, ಮನುಷ್ಯರನ್ನು ಸವೆಸುತ್ತದೆ. ಕೋರ್ಟಿಗೆ ಬಾರದ ನೆರೆಯ ರೈತನೂ ನ್ಯಾಯಾಲಯದ ಅವಾರ್ಡಿನಿಂದ ಮೂರು ತಿಂಗಳೊಳಗೆ ಅದೇ ದರ ಕೇಳಬಹುದೆಂದು ಹಳೆಯ ಕಾಯ್ದೆಯ 28ಎ ಕಲಮು ಹೇಳುವಾಗ, ಸಮಾನತೆಯೇ ಶಾಸಕಾಂಗದ ಉದ್ದೇಶವಾಗಿತ್ತೆಂಬುದು ಸ್ಪಷ್ಟ.

ಆದ್ದರಿಂದ ‘ಮೇಲ್ಮನವಿಗೆ ಯೋಗ್ಯವಲ್ಲ’ ಎಂದು ಬರೆಯಲು ಕಲಿಯಿರಿ. ಫರ್ಮ್‌ನಲ್ಲಿ ಇಂಥ ಅಭಿಪ್ರಾಯವನ್ನು ಕಕ್ಷಿದಾರನ ಅಧಿಕಾರಿ ಸ್ವಾಗತಿಸುತ್ತಾನೆ. ಸರ್ಕಾರಿ ಕಚೇರಿಯಲ್ಲಿ ಅಧಿಕಾರಿಗೆ ಅದು ಭಯ ಹುಟ್ಟಿಸುತ್ತದೆ, ಏಕೆಂದರೆ ಮೇಲ್ಮನವಿ ಬಿಟ್ಟದ್ದೇಕೆಂದು ನಾಳೆ ಲೆಕ್ಕಪರಿಶೋಧನೆಯಲ್ಲಿ ಕೇಳುವುದು ಅವರನ್ನೇ. ಆ ಭಯವನ್ನು ಅರಿತು, ಅವರು ತಮ್ಮ ರಕ್ಷಣೆಗೆ ತೋರಿಸಬಹುದಾದಷ್ಟು ಗಟ್ಟಿಯಾಗಿ ಬರೆಯಬೇಕು: ಅದೇ ಅಧಿಸೂಚನೆಯಲ್ಲಿ ಅಂತಿಮವಾದ ತೀರ್ಪುಗಳ ಸಂಖ್ಯೆ, ಆ ತೀರ್ಪುಗಳು ಕೊಟ್ಟ ದರ, ಗೆಲ್ಲುವ ಸಾಧ್ಯತೆ ಏಕಿಲ್ಲ, ಬಡ್ಡಿ ಎಷ್ಟು ಏರುತ್ತದೆ, ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಎಷ್ಟು ಉಳಿಯುತ್ತದೆ ಎಂಬುದನ್ನೆಲ್ಲ ಒಂದೂವರೆ ಪುಟದಲ್ಲಿ. ಸರ್ಕಾರ ಕಕ್ಷಿದಾರನಾಗಿರುವ ದಾವೆಗಳಲ್ಲಿ ರಾಜಿಗೆ ನೆರವಾಗುವುದು ನ್ಯಾಯಾಲಯದ ಕರ್ತವ್ಯವೆಂದು 27ನೆಯ ಆದೇಶದ 5ಬಿ ನಿಯಮ ಹೇಳುತ್ತದೆ, ಅದನ್ನು ಉಲ್ಲೇಖಿಸಿರಿ. ನಿಮ್ಮ ಅಭಿಪ್ರಾಯವನ್ನು ತಳ್ಳಿ ಮೇಲ್ಮನವಿ ಹೂಡಲು ಮೇಲಿನವರು ತೀರ್ಮಾನಿಸಿದರೆ, ಅದನ್ನು ಅಷ್ಟೇ ಶ್ರದ್ಧೆಯಿಂದ ನಡೆಸಬೇಕು. ದಾಖಲೆಯನ್ನು ಮರೆಮಾಚಬೇಕೆಂಬ ಸೂಚನೆ ಬಂದರೆ ಮಾತ್ರ ಒಪ್ಪಬಾರದು. ಕ್ರಿಮಿನಲ್ ಕಡೆಯವರಿಗೆ ಇದು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ತಡೆಯಾಜ್ಞೆಯ ಬಗ್ಗೆ ಒಂದು ಮಾತು. ನೋಟಿಸಿಲ್ಲದೆ ತುರ್ತು ದಾವೆ ಬಂದಾಗ, ಸರ್ಕಾರಕ್ಕೆ ಕಾರಣ ತೋರಿಸಲು ಅವಕಾಶ ಕೊಡದೆ ಪರಿಹಾರ ಕೊಡಬಾರದೆಂದು 80ನೆಯ ಕಲಮಿನ ಎರಡನೆಯ ಉಪಕಲಮು ಹೇಳುತ್ತದೆ. ಮೂಲಸೌಕರ್ಯ ಯೋಜನೆಗಳನ್ನು ತಡೆಯುವ ಆಜ್ಞೆಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 2018ರ ತಿದ್ದುಪಡಿ ನಿರ್ಬಂಧ ಹಾಕಿದೆ. ಇವೆರಡನ್ನೂ ಬೆರಳ ತುದಿಯಲ್ಲಿ ಇಟ್ಟುಕೊಂಡಿರಬೇಕು.

ಮೊದಲ ವಾರ

ಪ್ರಭಾರ ವಹಿಸಿಕೊಂಡ ದಿನ ಹೂಮಾಲೆ, ಪೇಢೆ ಮುಗಿದ ಮೇಲೆ ಬಾಕಿ ದಾವೆಗಳ ಪಟ್ಟಿಯನ್ನು ಬದಿಗಿಟ್ಟು, ಅಮಲ್ಜಾರಿ (ಡಿಕ್ರಿಯಂತೆ ಹಣ ವಸೂಲಿ ಮಾಡುವ) ಪ್ರಕರಣಗಳ ಪಟ್ಟಿಯನ್ನು ಮೊದಲು ಕೇಳಿರಿ. ಉಪವಿಭಾಗಾಧಿಕಾರಿಗಳ ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿಯಾದ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಜಪ್ತಿಯ ದಿನ ಕಚೇರಿಗೆ ಬಂದ ವಿಧವಾ ವೇತನದ ಅರ್ಜಿದಾರಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಸರ್ಕಾರದ ವಿರುದ್ಧದ ಡಿಕ್ರಿಯನ್ನು ಮೂರು ತಿಂಗಳು ಪಾವತಿಯಾಗದೆ ಉಳಿದಾಗ ಮಾತ್ರ ಅಮಲು ಮಾಡಬಹುದೆಂದು 82ನೆಯ ಕಲಮು ಕೊಟ್ಟಿರುವ ಬಿಡುವನ್ನು ಅನುದಾನ ತರಿಸಲು ಬಳಸಬೇಕು. ಪ್ರತಿ ಅಮಲ್ಜಾರಿಗೂ ನಾಲ್ಕು ಸಂಗತಿ ಬರೆದುಕೊಳ್ಳಿರಿ: ಅಸಲು ಮತ್ತು ಬಡ್ಡಿ ಇಂದಿಗೆ ಎಷ್ಟು, ಈಗಾಗಲೇ ಠೇವಣಿಯಾದದ್ದು ಎಷ್ಟು, ಮೇಲ್ಮನವಿ ಇದ್ದರೆ ತಡೆಯಾಜ್ಞೆಯ ಷರತ್ತು ಪಾಲನೆಯಾಗಿದೆಯೇ, ಹಣದ ಬೇಡಿಕೆಯ ಪತ್ರ ಈಗ ಯಾವ ಕಚೇರಿಯಲ್ಲಿದೆ. ಎರಡನೆಯ ದಿನ ಅದೇ ಪಟ್ಟಿಯೊಡನೆ ವಿಶೇಷ ಭೂಸ್ವಾಧೀನಾಧಿಕಾರಿಗಳ ಕಚೇರಿಗೆ ಹೋಗಿ ಅವರ ಲೆಕ್ಕದೊಡನೆ ತಾಳೆ ನೋಡಿರಿ. ಎರಡು ಪಟ್ಟಿಗಳು ಮೊದಲ ಸಲಕ್ಕೆ ಹೊಂದಿಕೆಯಾಗುವುದು ಅಪರೂಪ. ಮೂರನೆಯ ದಿನ ನ್ಯಾಯಾಲಯದ ಕಚೇರಿಯಲ್ಲಿ ಠೇವಣಿ ವಹಿ ನೋಡಿರಿ. ವಾರದ ಕೊನೆಗೆ ಹತ್ತಿರದ ಮುದ್ದತು (ವಿಚಾರಣೆಯ ದಿನಾಂಕ) ಇರುವ ಹತ್ತು ಪ್ರಕರಣಗಳ ಬಗ್ಗೆ, ಪ್ರತಿಯೊಂದಕ್ಕೂ ಒಂದೊಂದು ಪುಟದಂತೆ, ಜಿಲ್ಲಾಧಿಕಾರಿಗಳಿಗೆ ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಪತ್ರ ಬರೆದು, ಸ್ವೀಕೃತಿ ಪಡೆದು, ಪ್ರತಿಯನ್ನು ಕಡತಕ್ಕೆ ಸೇರಿಸಿರಿ.